ಮುಂದೆ ಬೆಲೆ ಏರುತ್ತದೆ ಅಂತ ನಮ್ಮ ಕಂದಾಯದ ದುಡ್ಡಲ್ಲಿ ಜಮೀನು ಕೊಳ್ಳಬಹುದಾ?

ತೆರಿಗೆದಾರ, ವಿಜಯನಗರ

ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಚರ್ಚೆಗೆ ಇಡುತ್ತಿದ್ದೇನೆ.

ನಮ್ಮ ತಂಗಿ ಮನೆ ಬೆಂಗಳೂರಿನ ಅಂಚಿನಲ್ಲಿದೆ. ಅಲ್ಲಿನ ಸ್ಥಳೀಯ ಸಂಸ್ಥೆ, ಹೆಸರು ಬೇಡ, ಸ್ವಂತ ನಿಧಿಯಿಂದ ಹೆದ್ದಾರಿ ಹತ್ತಿರ ಜಮೀನು ಕೊಂಡಿದೆ. ಸ್ವಂತ ನಿಧಿ ಅಂದರೆ ಜನ ಕಟ್ಟಿದ ಕಂದಾಯ, ನೀರಿನ ಬಿಲ್ಲು, ಲೈಸೆನ್ಸ್ ಫೀಸು. ಜಮೀನು ಯಾತಕ್ಕೆ ಅಂತ ಕೇಳಿದವರಿಗೆ ಸಿಕ್ಕ ಉತ್ತರ, "ಮುಂದೆ ಬೇಕಾಗುತ್ತೆ, ಈಗ ಕೊಂಡರೆ ಅಗ್ಗ. ಬೇಡ ಅನ್ನಿಸಿದರೆ ಮಾರಿದರೂ ಲಾಭವೇ." ಶಾಲೆಗೋ, ಆಸ್ಪತ್ರೆಗೋ, ಕಸದ ಘಟಕಕ್ಕೋ ಅಂತ ಕಾಗದದಲ್ಲಿ ಎಲ್ಲೂ ಇಲ್ಲ. ಅದೇ ಊರಲ್ಲಿ ತಂಗಿ ಮನೆ ಮುಂದಿನ ಚರಂಡಿಗೆ ಚಪ್ಪಡಿ ಹಾಕಲು ದುಡ್ಡಿಲ್ಲ ಅಂತಾರೆ. ಮಳೆಗಾಲದಲ್ಲಿ ಮಕ್ಕಳನ್ನು ಎತ್ತಿಕೊಂಡೇ ದಾಟಿಸಬೇಕು.

ನನಗೆ ಇದು ಒಪ್ಪಿಗೆಯಿಲ್ಲ. ಬೆಲೆ ಏರಲಿ ಅಂತ ಜಮೀನು ಕೊಂಡು ಕಾಯುವುದು ಸ್ವಂತ ದುಡ್ಡು ಇರುವವರು ಮಾಡುವ ಕೆಲಸ. ಲಾಭ ಆದರೂ ಅವರದೇ, ನಷ್ಟ ಆದರೂ ಅವರದೇ. ಪಾಲಿಕೆ, ಪುರಸಭೆ, ಪ್ರಾಧಿಕಾರ ಹಾಗೆ ಮಾಡಿದರೆ ನಷ್ಟ ಯಾರ ತಲೆ ಮೇಲೆ? ಸಹಿ ಹಾಕಿದ ಅಧಿಕಾರಿಗೆ ಅಷ್ಟರಲ್ಲಿ ವರ್ಗಾವಣೆ ಆಗಿರುತ್ತದೆ. ನಿಮ್ಮ ಅಭಿಪ್ರಾಯ ಹೇಳಿ.

ನಿವೃತ್ತ ನಗರ ಯೋಜಕ, ಜಯನಗರ

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಇನ್ನೊಂದು ಮಗ್ಗುಲೂ ಇದೆ.

ನಾನು ಕೂತು ಇದನ್ನು ಬರೆಯುತ್ತಿರುವ ಜಯನಗರ ಒಂದು ಕಾಲಕ್ಕೆ ಹೊಲ, ತೋಪು. 1945ರಲ್ಲಿ ಸಿಐಟಿಬಿ, ಅಂದರೆ ನಗರ ಸುಧಾರಣಾ ಟ್ರಸ್ಟ್ ಮಂಡಳಿ ಬಂತು. 1948ರಲ್ಲಿ ಜಯನಗರ ಬಡಾವಣೆ ಶುರುವಾಯಿತು. ಆಗ ಊರ ಹೊರಗೆ ಇಷ್ಟು ಜಾಗ ಯಾಕೆ ಅಂತ ಕೇಳಿದವರು ಇದ್ದೇ ಇದ್ದರು. ಆ ಜಾಗ ಮೊದಲೇ ಸರ್ಕಾರದ ಕೈಗೆ ಬಂದಿದ್ದಕ್ಕೇ ಅಗಲ ರಸ್ತೆ, ಪಾರ್ಕು, ಆಟದ ಮೈದಾನ, ಶಾಲೆ ಎಲ್ಲ ಬಂತು. ಈಗಿನ ಹೊರವಲಯದ ರೆವಿನ್ಯೂ ಸೈಟುಗಳ ಗಲ್ಲಿ ನೋಡಿ. ಆಂಬುಲೆನ್ಸ್ ತಿರುಗಿಸುವುದೂ ಕಷ್ಟ.

ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಅರಮನೆ ಮೈದಾನ ಸಾಕು. ಬಳ್ಳಾರಿ ರಸ್ತೆ, ಜಯಮಹಲ್ ರಸ್ತೆ ಅಗಲ ಮಾಡಲು ಬೇಕಿದ್ದದ್ದು 15 ಎಕರೆ ಚಿಲ್ಲರೆ. ಅದಕ್ಕೆ ಕೊಡಬೇಕಾದ ಟಿಡಿಆರ್, ಅಂದರೆ ಜಾಗದ ಬದಲು ಕೊಡುವ ಕಟ್ಟಡ ಹಕ್ಕಿನ ಬೆಲೆ 3,011 ಕೋಟಿ ಅಂತ ಲೆಕ್ಕ ಬಂತು. 2025ರ ಜನವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತರುವವರೆಗೆ ಹೋಯಿತು. ಅದೇ ಅರಮನೆಯ 472 ಎಕರೆಗೆ 1996ರ ಕಾಯ್ದೆಯಲ್ಲಿ ಇಟ್ಟಿದ್ದ ಪರಿಹಾರ 11 ಕೋಟಿ. ಆ ಕೇಸು ಇನ್ನೂ ಸುಪ್ರೀಂ ಕೋರ್ಟ್ ಮೆಟ್ಟಿಲಲ್ಲೇ ಸುತ್ತುತ್ತಿದೆ, ಅದು ಬೇರೆ ಕಥೆ. ನಾನು ಹೇಳುವುದು ಇಷ್ಟೇ. ನಗರಕ್ಕೆ ಮುಂದೆ ಜಾಗ ಬೇಕೇ ಬೇಕು. ಮೊದಲೇ ಕೊಳ್ಳುವುದನ್ನು ತಪ್ಪು ಅನ್ನಬೇಡಿ.

ಲೆಕ್ಕ ಬರೆಯುವವಳು, ರಾಜಾಜಿನಗರ

ಸರ್, ನಿಮ್ಮ ಎರಡೂ ಉದಾಹರಣೆಯಲ್ಲಿ ಜಾಗ ಯಾತಕ್ಕೆ ಅಂತ ಗೊತ್ತಿತ್ತು. ಜಯನಗರಕ್ಕೆ ನಕ್ಷೆ ಇತ್ತು. ಅರಮನೆ ಹತ್ತಿರ ರಸ್ತೆ ಇತ್ತು. ಮೂಲ ಪೋಸ್ಟ್ ಹಾಕಿದವರು ಕೇಳುತ್ತಿರುವುದು ಉದ್ದೇಶವೇ ಇಲ್ಲದ ಖರೀದಿ ಬಗ್ಗೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬಾರದು.

ನಾನು ಲೆಕ್ಕದವಳು. ಹಾಗಾಗಿ ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ಸಂಸ್ಥೆ 100 ಕೋಟಿಗೆ ಜಮೀನು ಕೊಂಡಿತು ಅಂದುಕೊಳ್ಳಿ. ಆ ದುಡ್ಡಿಗೆ ವರ್ಷಕ್ಕೆ ನೂರಕ್ಕೆ 8ರಂತೆ ಬಡ್ಡಿ ಹಿಡಿಯಿರಿ. ಸಾಲ ಮಾಡಿದ್ದರೆ ಕಟ್ಟಬೇಕಾದ ಬಡ್ಡಿ, ಇಲ್ಲದಿದ್ದರೆ ಕೈಬಿಟ್ಟುಹೋದ ಬಡ್ಡಿ. ಹತ್ತು ವರ್ಷ ಸುಮ್ನೆ ಇಟ್ಟರೆ ಅದು ಹತ್ತಿರ ಹತ್ತಿರ 216 ಕೋಟಿ ಆಗುತ್ತದೆ. ಅಂದರೆ ಜಮೀನಿನ ಬೆಲೆ ಎರಡು ಪಟ್ಟಾದರೂ ನಷ್ಟವೇ. ಇದಕ್ಕೆ ಬೇಲಿ, ಕಾವಲುಗಾರನ ಸಂಬಳ, ಒತ್ತುವರಿ ಕೇಸಿನ ವಕೀಲರ ಫೀಸು ಸೇರಿಸಿಲ್ಲ. "ಐವತ್ತಕ್ಕೆ ಕೊಂಡಿದ್ದು ಈಗ ನೂರಾಗಿದೆ" ಅಂತ ಪೇಪರಿನಲ್ಲಿ ಬಂದಾಗ ಈ ಲೆಕ್ಕ ಯಾರೂ ಕೇಳುವುದಿಲ್ಲ.

ಇನ್ನೊಂದು ಮಾತು. ಮನೆಯವರು ಕೊಂಡ ಸೈಟನ್ನು ಕಷ್ಟ ಬಂದಾಗ ಮಾರುತ್ತಾರೆ. ಸರ್ಕಾರಿ ಸಂಸ್ಥೆ ಅಷ್ಟು ಸುಲಭಕ್ಕೆ ಮಾರಲು ಆಗುವುದಿಲ್ಲ. ಮಾರಿದರೆ ಅದೂ ಒಂದು ಹಗರಣ. ಹಾಗಾಗಿ ಕಾಗದದ ಮೇಲಿನ ಲಾಭ ಖಜಾನೆಗೆ ಬರುವುದೇ ಅಪರೂಪ. ಕಷ್ಟ ಬಂದಾಗ ಏನು ಮಾಡುತ್ತಾರೆ ಅಂತ ನಾವು ನೋಡಿದ್ದೇವೆ. ಬಿಬಿಎಂಪಿ ತನ್ನ 11 ಆಸ್ತಿಗಳನ್ನು ಕೇಂದ್ರ ಸರ್ಕಾರದ ಸಾಲ ಸಂಸ್ಥೆ ಹುಡ್ಕೋಗೆ ಅಡವಿಟ್ಟು ಸುಮಾರು 1,800 ಕೋಟಿ ಸಾಲ ತಂದಿತ್ತು. ಕೆ.ಆರ್. ಮಾರುಕಟ್ಟೆ, ಮೇಯೋ ಹಾಲ್, ಮಲ್ಲೇಶ್ವರ ಮಾರುಕಟ್ಟೆ ಎಲ್ಲ ಆ ಪಟ್ಟಿಯಲ್ಲಿದ್ದವು. ಬಿಡಿಸಿಕೊಳ್ಳಲು ವರ್ಷಗಳೇ ಹಿಡಿದವು.

ಸೈಟ್ ಸಿಕ್ಕವರು

ನಾನು ಬೇರೆ ಕಡೆಯಿಂದ ಹೇಳುತ್ತೇನೆ. ನಮಗೆ ಒಂದು ಸರ್ಕಾರಿ ಲೇಔಟ್‌ನಲ್ಲಿ 30x40 ಸೈಟ್ ಸಿಕ್ಕಿತು. ಯಾವ ಲೇಔಟ್ ಅಂತ ಬರೆಯುವುದಿಲ್ಲ. ಸಿಕ್ಕ ದಿನ ಮನೆಯಲ್ಲಿ ಪಾಯಸ ಮಾಡಿದ್ದರು. ಪೂರ್ತಿ ದುಡ್ಡು ಕಟ್ಟಿದೆವು. ಬ್ಯಾಂಕ್ ಸಾಲ ಇದೆ. ಇವತ್ತಿಗೂ ಬಾಡಿಗೆ ಮನೆಯಲ್ಲೇ ಇದ್ದೇವೆ.

ಸೈಟ್ ನೋಡಲು ಹೋದರೆ ಕಲ್ಲು ನೆಟ್ಟಿದ್ದಾರೆ. ಕಲ್ಲಿನ ಮೇಲೆ ಬರೆದ ನಂಬರ್ ಮಳೆಗೆ ಅರ್ಧ ಅಳಿಸಿದೆ. ಮೋರಿ ಅಂತ ಅಗೆದದ್ದರಲ್ಲಿ ಲಂಟಾನ ಬೆಳೆದಿದೆ. ಕರೆಂಟ್ ಕಂಬ ಇದೆ, ತಂತಿ ಇಲ್ಲ. ಕಾವೇರಿ ನೀರಿನ ಮಾತೇ ಇಲ್ಲ. ಪಕ್ಕದ ಸರ್ವೆ ನಂಬರಿನ ಕೇಸು ಮುಗಿದಿಲ್ಲವಂತೆ, ಹಾಗಾಗಿ ರಸ್ತೆ ಅರ್ಧಕ್ಕೇ ನಿಂತಿದೆ.

ಜಮೀನು ತೆಗೆದುಕೊಳ್ಳುವುದರಲ್ಲಿ ಇರುವ ಉತ್ಸಾಹ ಅದನ್ನು ಬಳಸುವುದರಲ್ಲಿ ಇಲ್ಲ. ನನಗೆ ಅರ್ಥವಾಗಿರುವುದು ಇಷ್ಟು. ಬೆಲೆ ಮಾತ್ರ ಏರಿದೆ ಅಂತ ಎಲ್ಲರೂ ಸಮಾಧಾನ ಹೇಳುತ್ತಾರೆ. ಏರಿದ ಬೆಲೆಯೊಳಗೆ ಸಂಸಾರ ಮಾಡಲು ಆಗುತ್ತಾ?

ಹಳೆ ಪೇಪರ್ ಓದುವವ, ಬಸವನಗುಡಿ

ಮೇಲಿನವರ ಕಷ್ಟ ಯಾವ ಲೇಔಟಿನದೋ ಗೊತ್ತಿಲ್ಲ. ಎಲ್ಲರಿಗೂ ತಿಳಿದಿರುವ ದಾಖಲೆ ಮಾತ್ರ ಹೇಳುತ್ತೇನೆ. ಬಿಡಿಎ, ಅಂದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅರ್ಕಾವತಿ ಬಡಾವಣೆಗೆ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಬಂತು, 2004ರಲ್ಲಿ ಅಂತಿಮ ಅಧಿಸೂಚನೆ. 16 ಹಳ್ಳಿ, 2,750 ಎಕರೆ. ಹೈಕೋರ್ಟ್, ಸುಪ್ರೀಂ ಕೋರ್ಟ್ ಎಲ್ಲ ಆಯಿತು. ಆಮೇಲೆ ಜಮೀನು ಕೈಬಿಟ್ಟ ಗಲಾಟೆ, ಅದಕ್ಕೆ 2014ರಲ್ಲಿ ನ್ಯಾಯಮೂರ್ತಿ ಕೆಂಪಣ್ಣ ಆಯೋಗ. ಶಿವರಾಮ ಕಾರಂತ ಬಡಾವಣೆಗೆ 2008ರಲ್ಲಿ 3,546 ಎಕರೆ ಗುರುತು ಹಾಕಿದರು. 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದಕ್ಕೆ ಜೀವ ಬಂತು. ಹತ್ತು ವರ್ಷ!

ಬಿಡಿಎ ಕಾಯ್ದೆಯ 27ನೇ ಕಲಂ ಅಂತಲೇ ಒಂದಿದೆ. ಐದು ವರ್ಷದಲ್ಲಿ ಯೋಜನೆ ಬಹುಪಾಲು ಮುಗಿಸದಿದ್ದರೆ ಅದು ಬಿದ್ದುಹೋಗುತ್ತದೆ ಅನ್ನುತ್ತದೆ. ಅಂದರೆ ಕಾನೂನು ಮಾಡಿದವರಿಗೂ ಈ ರೋಗ ಗೊತ್ತಿತ್ತು.

ಮಲ್ಲೇಶ್ವರದಿಂದ

ಒಂದು ಸಣ್ಣ ತಿದ್ದುಪಡಿ. ಬಿಡಿಎ ದುಡ್ಡು ತೆರಿಗೆ ದುಡ್ಡಲ್ಲ. ಸೈಟ್ ಮಾರಿ, ಮೂಲೆ ಸೈಟ್ ಹರಾಜು ಹಾಕಿ ಬಂದ ದುಡ್ಡು. ಪಾಲಿಕೆ ಕಂದಾಯದ ಜೊತೆ ಅದನ್ನು ಬೆರೆಸಬೇಡಿ.

ಲೆಕ್ಕ ಬರೆಯುವವಳು, ರಾಜಾಜಿನಗರ

ಕಾಗದದ ಮೇಲೆ ನೀವು ಹೇಳುವುದು ಸರಿ. ಆದರೆ ಆ ದುಡ್ಡು ಯಾರದು? ಸೈಟ್ ಸಿಗುತ್ತದೆ ಅಂತ ನಂಬಿ ಹಣ ಕಟ್ಟಿದ ಸಂಸಾರಗಳದು. ಮೂಲೆ ಸೈಟ್ ಹರಾಜಿನ ದುಡ್ಡು ಅದೇ ಬಡಾವಣೆಯ ನೀರು, ಒಳಚರಂಡಿಗೆ ಹೋಗಬೇಕಿತ್ತು. ಅದನ್ನು ಮುಂದಿನ ಯೋಜನೆಯ ಭೂಮಿಗೆ ಸುರಿದರೆ ಹಿಂದಿನವರ ಮೋರಿ ಹಾಗೇ ಉಳಿಯುತ್ತದೆ. ಮೇಲೆ ಒಬ್ಬರು ಬರೆದಿದ್ದಾರಲ್ಲ, ಅದೇ. ಸಾಲ ತೀರಿಸಲು ಆಗದೇ ಹೋದರೆ ಕೊನೆಗೆ ರಾಜ್ಯ ಸರ್ಕಾರವೇ ನಿಲ್ಲಬೇಕು. ಆಗ ಅದು ರಾಯಚೂರಿನವರ ತೆರಿಗೆಯೂ ಹೌದು.

ಬಿಡಿಎ ಫ್ಲಾಟುಗಳನ್ನೇ ನೋಡಿ. ಕೊಮ್ಮಘಟ್ಟ, ಕಣಿಮಿಣಿಕೆ ಕಡೆ ಕಟ್ಟಿದ ಎಷ್ಟೋ ಮನೆ ವರ್ಷಗಟ್ಟಲೆ ಖಾಲಿ ಉಳಿದವು. ಕೊನೆಗೆ ಫ್ಲಾಟ್ ಮೇಳ ಮಾಡಿ, ರಿಯಾಯಿತಿ ಕೊಟ್ಟು ಮಾರಬೇಕಾಯಿತು. ಜನ ಬಂದೇ ಬರುತ್ತಾರೆ ಅನ್ನುವುದು ಒಂದು ಊಹೆ. ಆ ಊಹೆ ಮೇಲೆ ಕೋಟಿಗಟ್ಟಲೆ ಹಾಕಿದರು.

ಬಸ್ ಪಾಸ್, ಶಾಂತಿನಗರ

ಟಿಟಿಎಂಸಿ, ಅಂದರೆ ಕೆಳಗೆ ಬಸ್ ನಿಲ್ದಾಣ, ಮೇಲೆ ಬಾಡಿಗೆ ಮಹಡಿ ಇರುವ ಕಟ್ಟಡಗಳನ್ನು ಮರೆತಿರಾ? ಕೇಂದ್ರದ ಜೆ-ನರ್ಮ್ ಯೋಜನೆಯ ದುಡ್ಡಲ್ಲಿ ಬಿಎಂಟಿಸಿ ಹತ್ತು ಕಡೆ ಕಟ್ಟಿತು. ಶಾಂತಿನಗರ, ಯಶವಂತಪುರ, ಕೋರಮಂಗಲ, ದೊಮ್ಮಲೂರು, ಬನಶಂಕರಿ ಹೀಗೆ. ಮೇಲಿನ ಮಹಡಿ ಬಾಡಿಗೆಯಿಂದ ಬಸ್ಸಿನ ನಷ್ಟ ತುಂಬುತ್ತದೆ ಅಂತ ಹೇಳಿದ್ದರು. ಎಷ್ಟೋ ಮಹಡಿಗೆ ವರ್ಷಾನುಗಟ್ಟಲೆ ಬಾಡಿಗೆದಾರರೇ ಬರಲಿಲ್ಲ. ಶಾಂತಿನಗರದಲ್ಲಿ ಕೊನೆಗೆ ಸರ್ಕಾರಿ ಆಫೀಸುಗಳೇ ಬಂದು ಕೂತವು. ಒಂದು ಸರ್ಕಾರಿ ಜೇಬಿಂದ ಇನ್ನೊಂದಕ್ಕೆ.

ನನಗೆ ಬೇಕಿದ್ದದ್ದು ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು.

ರೈತನ ಮಗ, ಬೆಂಗಳೂರು ಪೂರ್ವ ತಾಲ್ಲೂಕು

ಇಲ್ಲಿ ಎಲ್ಲರೂ ಕೊಳ್ಳುವವರ ಲೆಕ್ಕ ಹೇಳಿದ್ದೀರಿ. ಕೊಡುವವರ ಲೆಕ್ಕ ನಾನು ಹೇಳುತ್ತೇನೆ.

ನಮ್ಮ ಜಮೀನು ಒಂದು ಸರ್ಕಾರಿ ಯೋಜನೆಗೆ ನೋಟಿಫೈ ಆಗಿದೆ. ನಾನು ಸ್ಕೂಲಿಗೆ ಹೋಗುತ್ತಿದ್ದಾಗ ಆದದ್ದು. ಈಗ ನನ್ನ ಮಗಳು ಸ್ಕೂಲಿಗೆ ಹೋಗುತ್ತಾಳೆ. ಪಹಣಿಯ 11ನೇ ಕಾಲಂನಲ್ಲಿ ಒಂದು ಸಾಲು ಕೂತಿದೆ. ಅದೊಂದು ಸಾಲಿಗಾಗಿ ಬ್ಯಾಂಕಿನವರು ಸಾಲ ಕೊಡುವುದಿಲ್ಲ. ಬೋರ್‌ವೆಲ್ ಹಾಕಿಸಿದರೆ ನಾಳೆ ಇರುತ್ತೋ ಇಲ್ಲವೋ. ಅಕ್ಕನ ಮದುವೆಗೆ ಅಪ್ಪ ಎರಡು ಗುಂಟೆ ಮಾರಲು ಹೋದರು, ಕೊಳ್ಳುವವರೇ ಇರಲಿಲ್ಲ. ಪರಿಹಾರವೂ ಬಂದಿಲ್ಲ, ಬಿಡುಗಡೆಯೂ ಆಗಿಲ್ಲ. ನಮ್ಮ ಪಕ್ಕದವರು ಬೇಸತ್ತು ಯಾರೋ ಏಜೆಂಟಿಗೆ ಅರ್ಧ ಬೆಲೆಗೆ ಅಗ್ರಿಮೆಂಟ್ ಮಾಡಿಕೊಟ್ಟರು.

ಸರ್ಕಾರ "ಮುಂದೆ ಬೇಕಾಗುತ್ತೆ" ಅಂತ ಒಂದು ಗೆರೆ ಎಳೆದರೆ ಸಾಕು, ಆ ಗೆರೆ ಒಳಗಿನವರ ಬದುಕು ಅಲ್ಲೇ ನಿಲ್ಲುತ್ತದೆ. ಗೆರೆ ಹೊರಗಿನವರ ಜಮೀನಿಗೆ ಚಿನ್ನದ ಬೆಲೆ. ಗೆರೆ ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿದ್ದವರು ಯಾರು ಅಂತ ನಮ್ಮ ಹಳ್ಳಿಯಲ್ಲಿ ಎಲ್ಲರೂ ಮಾತಾಡಿಕೊಳ್ಳುತ್ತಾರೆ.

ದೇವನಹಳ್ಳಿ ಚನ್ನರಾಯಪಟ್ಟಣದವರು 1,777 ಎಕರೆಗೆ ಮೂರು ವರ್ಷಕ್ಕಿಂತ ಜಾಸ್ತಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಬಿಡದಿ ಕಡೆ 2006ರ ಹೊತ್ತಿಗೇ ಟೌನ್‌ಶಿಪ್ ಅಂತ ಶುರುಮಾಡಿದ್ದರು. ಅದು ಆಗಲಿಲ್ಲ. ಈಗ ಮತ್ತೆ ಬೈರಮಂಗಲ, ಕಂಚುಗಾರನಹಳ್ಳಿ ಸುತ್ತ ಒಂಬತ್ತು ಸಾವಿರ ಎಕರೆ ಆಸುಪಾಸು ಅಂತಿದ್ದಾರೆ. ಅಲ್ಲಿನವರು ಎರಡನೇ ಸಲ ಬೀದಿಗೆ ಬಂದಿದ್ದಾರೆ. ಎಲ್ಲರಿಗೂ ಧರಣಿ ಕೂರುವ ಶಕ್ತಿ ಇರುವುದಿಲ್ಲ.

ನಿವೃತ್ತ ನಗರ ಯೋಜಕ, ಜಯನಗರ

ತಮ್ಮಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ಸರ್ವಿಸಿನಲ್ಲಿದ್ದಾಗ ಇಂಥ ಅರ್ಜಿಗಳನ್ನು ಕೈಯಲ್ಲಿ ಹಿಡಿದು ಬಂದವರ ಮುಖ ಇನ್ನೂ ನೆನಪಿದೆ.

ನಗರಕ್ಕೆ ಜಾಗ ಬೇಕು ಅನ್ನುವ ಮಾತನ್ನು ನಾನು ಬಿಡುವುದಿಲ್ಲ. ಬೆಂಗಳೂರಿನ ಕಸ ಬೀಳುತ್ತಿದ್ದ ಮಂಡೂರಿನವರು 2014ರ ಕೊನೆಗೆ ನಮ್ಮ ಕಸ ಸಾಕು ಅಂದಾಗ ಬೇರೆ ಜಾಗ ಇರಲಿಲ್ಲ. ಆಮೇಲೆ ಕಲ್ಲು ಕ್ವಾರಿ ಹುಡುಕಿಕೊಂಡು ಓಡಾಡಿದರು. ಕಸಕ್ಕೆ, ಬಸ್ ಡಿಪೋಗೆ, ಶುದ್ಧೀಕರಣ ಘಟಕಕ್ಕೆ ಹತ್ತು ವರ್ಷ ಮೊದಲೇ ಜಾಗ ಕೊಂಡಿಡಲೇಬೇಕು. ಆದರೆ ಅದಕ್ಕೊಂದು ಕ್ರಮ ಇದೆ. ಯಾವ ಕೆಲಸಕ್ಕೆ ಅಂತ ಖರೀದಿಯ ನಿರ್ಣಯದಲ್ಲೇ ಬರೆಯಬೇಕು. ಮಾಸ್ಟರ್ ಪ್ಲಾನಿನಲ್ಲಿ ಆ ಸರ್ವೆ ನಂಬರಿಗೆ ಬಣ್ಣ ಬಿದ್ದಿರಬೇಕು. ಯಾವ ವರ್ಷ ಶುರು ಅಂತ ಇರಬೇಕು. ಇದಿಲ್ಲದ ಖರೀದಿಯನ್ನು ನಾನೂ ಸಮರ್ಥಿಸುವುದಿಲ್ಲ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಐದು ವರ್ಷ ಬಳಸದ ಭೂಮಿಯನ್ನು ಮೂಲ ಮಾಲೀಕರಿಗೋ ಸರ್ಕಾರದ ಲ್ಯಾಂಡ್ ಬ್ಯಾಂಕಿಗೋ ಕೊಡಬೇಕು ಅಂತ 101ನೇ ಕಲಂ ಇದೆ. ಅದು ಆ ಕಾಯ್ದೆಯಡಿ ಸ್ವಾಧೀನ ಮಾಡಿದ ಭೂಮಿಗೆ. ಮಾತುಕತೆ ಮಾಡಿ ನೇರವಾಗಿ ಕೊಂಡ ಜಮೀನಿಗೆ ಅಂಥ ಗಡುವನ್ನು ನಿರ್ಣಯದಲ್ಲೇ ಹಾಕಿಸಬೇಕು. ಮೂಲ ಪೋಸ್ಟಿನ ಜಮೀನು ಈ ಎರಡನೇ ಥರದ್ದು ಅನ್ನಿಸುತ್ತದೆ.

ಹಿಂದೆ ಒಂದು ಸ್ಥಳೀಯ ಸಂಸ್ಥೆಯಲ್ಲಿದ್ದವನು

ಒಳಗಿನ ಮಾತು ಹೇಳುತ್ತೇನೆ. ಯಾವ ಸಂಸ್ಥೆ ಅಂತ ಕೇಳಬೇಡಿ.

ಫೆಬ್ರವರಿ, ಮಾರ್ಚ್ ಬಂದರೆ ನಿಧಿಯಲ್ಲಿ ಉಳಿದ ದುಡ್ಡು ಖರ್ಚಾಗಬೇಕು ಅನ್ನುವ ಒತ್ತಡ ಶುರುವಾಗುತ್ತದೆ. ಚರಂಡಿ ಕೆಲಸ ಅಂದರೆ ಎಸ್ಟಿಮೇಟ್, ಟೆಂಡರ್, ಕಂಟ್ರಾಕ್ಟರ್, ಅಳತೆ ಪುಸ್ತಕ, ಮೂರನೆಯವರ ತಪಾಸಣೆ, ಜನರ ಬೈಗುಳ. ಜಮೀನು ಅಂದರೆ ಒಂದು ಫೈಲು, ಒಂದು ನೋಂದಣಿ, ಒಂದು ಚೆಕ್ಕು. "ಆಸ್ತಿ ಸೃಷ್ಟಿ" ಅಂತ ವರದಿಯಲ್ಲಿ ಚೆನ್ನಾಗಿಯೂ ಕಾಣುತ್ತದೆ. ಎಲ್ಲ ಖರೀದಿಯೂ ಕಳ್ಳತನ ಅಂತ ನಾನು ಹೇಳುತ್ತಿಲ್ಲ. ಸುಲಭದ ದಾರಿ ಅದು, ಹಾಗಾಗಿ ಹಿಡಿಯುತ್ತಾರೆ.

ಕೇಳುವವರು ಇದ್ದರೆ ಹಿಡಿಯುವುದಿಲ್ಲ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೇ ಇಲ್ಲದೆ ಆಡಳಿತಾಧಿಕಾರಿಗಳ ಕೈಯಲ್ಲಿ ನಡೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಆದಾಗಲೂ ಆಯ್ಕೆಯಾದವರು ಇರಲಿಲ್ಲ. ಸಭೆಯಲ್ಲಿ ಎದ್ದು ನಿಂತು "ಯಾತಕ್ಕೆ ಈ ಜಮೀನು?" ಅಂತ ಕೇಳುವ ಒಬ್ಬ ವಿರೋಧಿ ಸದಸ್ಯ ಇದ್ದರೂ ಕಮಿಷನರ್ ಎರಡು ಸಲ ಯೋಚಿಸುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ದಾಖಲೆ ಹುಡುಕುವವಳು, ಯಲಹಂಕ

ತೆರಿಗೆದಾರರೇ, ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಮೊದಲು ಸರ್ವೆ ನಂಬರ್ ಹಿಡಿಯಿರಿ. ಜಾಗದಲ್ಲಿ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನಂಬರ್ ತೋರಿಸುತ್ತದೆ. ಅದನ್ನು ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಿನಲ್ಲಿ ಹಾಕಿ ಪಹಣಿ, ಮ್ಯುಟೇಶನ್ ತೆಗೆಯಿರಿ. ಸಂಸ್ಥೆಗೆ ಮಾರಿದವರು ಯಾರು, ಅವರ ಹೆಸರಿಗೆ ಜಮೀನು ಯಾವಾಗ ಬಂತು ಅಂತ ಅದರಲ್ಲೇ ಗೊತ್ತಾಗುತ್ತದೆ. ರೈತರಿಂದ ಕೊಂಡು ಆರೇ ತಿಂಗಳಲ್ಲಿ ಸಂಸ್ಥೆಗೆ ಮಾರಿದ್ದರೆ ಅಲ್ಲೇ ಕಣ್ಣಿಡಿ. ಆಮೇಲೆ ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ಕ್ರಯದ ಮೊತ್ತ ಅದರಲ್ಲಿ ಇರುತ್ತದೆ. ಅಕ್ಕಪಕ್ಕದ ಸರ್ವೆ ನಂಬರುಗಳದ್ದೂ ತೆಗೆಸಿ. ಹಿಂದಿನ ಮೂರು ವರ್ಷದಲ್ಲಿ ಯಾವ ಬೆಲೆಗೆ ಕೈ ಬದಲಾಗಿದೆ ಅಂತ ನೋಡಿ.

ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಇಟ್ಟ ಕನಿಷ್ಠ ಬೆಲೆ, ಅದರ ಜೊತೆ ಹೋಲಿಸುವಾಗ ಹುಷಾರು. 2023ರ ಅಕ್ಟೋಬರ್ 1ರಿಂದ ದರ ಪರಿಷ್ಕರಣೆ ಆಗಿದೆ. ಅದರ ಹಿಂದಿನ ಖರೀದಿಗೆ ಹೊಸ ದರ ಇಟ್ಟು ನೋಡಿದರೆ ಅಗ್ಗಕ್ಕೆ ಕೊಂಡ ಹಾಗೆ ಕಾಣುತ್ತದೆ. ಆಯಾ ದಿನದ ದರವನ್ನೇ ಇಡಿ.

ಆಮೇಲೆ ಮಾಹಿತಿ ಹಕ್ಕು ಅರ್ಜಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಇದನ್ನು ಮರೆತು ಉದ್ದ ಬರೆದರೆ ವಾಪಸ್ ಕಳಿಸುತ್ತಾರೆ. 30 ದಿನದಲ್ಲಿ ಉತ್ತರ ಕೊಡಬೇಕು. ಖರೀದಿಯ ನಿರ್ಣಯ, ಬೆಲೆ ನಿಗದಿ ಮಾಡಿದ ಸಭೆಯ ನಡವಳಿ, ಮೌಲ್ಯಮಾಪನ ವರದಿ, ಹಣ ಕೊಟ್ಟ ಲೆಕ್ಕ ಶೀರ್ಷಿಕೆ (ಯಾವ ಬಾಬ್ತಿನಿಂದ ಹೋಯಿತು ಅಂತ) ಇಷ್ಟರ ನಕಲು ಕೇಳಿ. "ಯಾಕೆ ಕೊಂಡಿರಿ" ಅಂತ ಕೇಳಬೇಡಿ. ಅಭಿಪ್ರಾಯ ಕೊಡಲಾಗದು ಅಂತ ಮುಗಿಸುತ್ತಾರೆ. ಕಾಗದ ಕೇಳಿ.

ತೆರಿಗೆದಾರ, ವಿಜಯನಗರ

ಮೇಡಂ, ತುಂಬಾ ಉಪಕಾರ ಆಯಿತು. ಈ ಭಾನುವಾರ ತಂಗಿ ಮನೆಗೆ ಹೋಗಿ ಸರ್ವೆ ನಂಬರ್ ತೆಗೆಯುತ್ತೇನೆ. ಅರ್ಜಿ ತಂಗಿಯ ಹೆಸರಲ್ಲೇ ಹಾಕುತ್ತೇವೆ, ಕಂದಾಯ ಕಟ್ಟುವವಳು ಅವಳೇ.

ಯೋಜಕರು ಹೇಳಿದ ಗಡುವಿನ ಮಾತು ನನಗೆ ಹಿಡಿಸಿತು. ಕೊಂಡದ್ದು ಆಗಿಹೋಗಿದೆ. ಇನ್ನು ಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ಎರಡು ನಿರ್ಣಯ ಮಾಡಿಸಬೇಕು ಅಂತ ಊರಿನವರ ಜೊತೆ ಮಾತಾಡುತ್ತೇನೆ. ಈ ಜಮೀನು ಯಾವ ಕೆಲಸಕ್ಕೆ, ಯಾವ ವರ್ಷದೊಳಗೆ ಅಂತ ಬರೆಯಲಿ. ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರ ಬಾಡಿಗೆ ಕಟ್ಟಡದಲ್ಲಿದೆ, ಅದಕ್ಕೇ ಕೊಡಲಿ ಅಂತ ತಂಗಿ ಹೇಳುತ್ತಾಳೆ. ಚರಂಡಿ ಚಪ್ಪಡಿ ಮುಗಿಯುವವರೆಗೆ ಇನ್ನೊಂದು ಜಮೀನಿನ ಮಾತು ಎತ್ತಬಾರದು, ಇದು ಎರಡನೆಯದು.

ರೈತನ ಮಗ, ಬೆಂಗಳೂರು ಪೂರ್ವ ತಾಲ್ಲೂಕು

ಅಣ್ಣಾ, ಮೂರನೆಯದೂ ಸೇರಿಸಿ. ಕಟ್ಟಡ ಶುರುವಾಗುವವರೆಗೆ ಆ ಜಮೀನನ್ನು ಸುಮ್ನೆ ಬೇಲಿ ಹಾಕಿ ಬಿಡಬಾರದು. ಮೊದಲು ಉಳುತ್ತಿದ್ದವರಿಗೇ ವರ್ಷ ವರ್ಷಕ್ಕೆ ಗುತ್ತಿಗೆ ಕೊಡಲಿ. ರಾಗಿ ಬೆಳೆಯಲಿ, ಸೊಪ್ಪು ಬೆಳೆಯಲಿ. ಉಳುವವರು ಇದ್ದರೆ ಒತ್ತುವರಿಯೂ ಆಗುವುದಿಲ್ಲ, ಕಾವಲುಗಾರನ ಸಂಬಳವೂ ಉಳಿಯುತ್ತದೆ.

ತೆರಿಗೆದಾರ, ವಿಜಯನಗರ

ಸೇರಿಸಿದೆ. ಉಳುತ್ತಿದ್ದವರು ಯಾರು ಅಂತ ತಂಗಿಗೆ ಗೊತ್ತಿದೆ. ಅವರನ್ನೂ ಸಭೆಗೆ ಕರೆಯುತ್ತೇವೆ.